ಮಡಿಕೋಲು ಮತ್ತು ಬಚ್ಚಲಿನ ಬಲ್ಬು

ನಾನು ಮದುವೆಯಾಗಿ ಎನ್.ಆರ್. ಪುರದಿಂದ ಕೊಪ್ಪಕ್ಕೆ ಬಂದಾಗ ಆ ಮನೆಯಲ್ಲಿ ಇದ್ದದ್ದು ಮೂರೇ ಜನ: ಅತ್ತೆ, ನನ್ನ ಗಂಡ, ಮತ್ತೆ ಅತ್ತೆಯ ಮಡಿಕೋಲು. ಕೋಲನ್ನೂ ಜನರ ಲೆಕ್ಕಕ್ಕೆ ಸೇರಿಸುವುದಕ್ಕೆ ಕಾರಣ ಇದೆ. ಅದಕ್ಕಿದ್ದ ಮರ್ಯಾದೆ ನನಗೆ ಇರಲಿಲ್ಲ. ಒಂದಾಳುದ್ದದ ಬಿದಿರಿನ ಕೋಲು ಅದು, ಹಿಡಿದು ಹಿಡಿದು ನುಣುಪಾಗಿತ್ತು. ಹಂಡೆಯ ಒಲೆಯ ಬೆಚ್ಚಗಿನ ಗೋಡೆಗೆ ಒರಗಿಕೊಂಡು ಹೊಗೆ ಕುಡಿದು ಕುಡಿದು ಎಂಥ ಮಳೆಗಾಲದಲ್ಲೂ ಹಪ್ಪಳದ ಹಾಗೆ ಒಣಗಿರುತ್ತಿತ್ತು. ಅತ್ತೆಯ ಹೊರತು ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ.

ಅತ್ತೆ ಬೆಳಗಿನ ಜಾವ ಎದ್ದು ಸ್ನಾನ ಮಾಡಿ, ಆಗಲೇ ಒಣಗಿದ್ದ ಒಂದು ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟುಕೊಂಡು, ಹೊಸದಾಗಿ ಹಿಂಡಿದ ಸೀರೆಯನ್ನು ಅದೇ ಕೋಲಿನ ತುದಿಯಲ್ಲಿ ಎತ್ತಿ ಎತ್ತರದ ತಂತಿಯ ಮೇಲೆ ಹರವುತ್ತಿದ್ದರು. ಅಲ್ಲಿಂದ ಪೂಜೆ, ಅಡುಗೆ, ಊಟ ಎಲ್ಲ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟಬಾರದು. ಮುಟ್ಟಿದರೆ ಅವರು ಮತ್ತೆ ಸ್ನಾನ ಮಾಡಬೇಕು, ಮುಟ್ಟಿದವರು ಒಂದು ವಾರ ಮಾತು ಕೇಳಬೇಕು.

ಈ ಎತ್ತರದ ತಂತಿಯ ಕೆಳಗೆ ಇನ್ನೊಂದು ತಂತಿ ಇತ್ತು. ಅದು ನಮ್ಮಂಥ ಸಾಮಾನ್ಯರದ್ದು. ನನ್ನ ಸೀರೆ, ಗಂಡನ ಪಂಚೆ, ಅಂಗಿ, ಟವೆಲು ಎಲ್ಲ ಅದರ ಮೇಲೆ. ಅಡುಗೆಮನೆಗೂ ಬಚ್ಚಲಿಗೂ ನಡುವೆ ಇದ್ದ ಉದ್ದನೆಯ ಸೂರಿನ ಕೆಳಗೆ ಎರಡೂ ತಂತಿಗಳನ್ನು ಎಳೆದವರು ನನ್ನ ಮಾವ. ನಾನು ಬರುವಷ್ಟರಲ್ಲಿ ಅವರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಒಂದು ತುದಿಯನ್ನು ಮರದ ಕಂಬಕ್ಕೆ ಬಿಗಿದಿದ್ದರು. ಇನ್ನೊಂದು ತುದಿಯನ್ನು ಬಚ್ಚಲಿನ ಬಲ್ಬಿಗೆ ಕರೆಂಟು ಒಯ್ಯುವ ವಯರಿನ ಕಬ್ಬಿಣದ ಪೈಪಿಗೆ ಕಟ್ಟಿದ್ದರು. ಗೋಡೆ ಮಣ್ಣಿನದು, ಮೊಳೆ ನಿಲ್ಲುತ್ತಿರಲಿಲ್ಲ, ಪೈಪು ಗಟ್ಟಿಯಾಗಿತ್ತು, ಕಟ್ಟಿದರು. ಅಷ್ಟೇ ವಿಷಯ. "ಅವರು ಕಟ್ಟಿದ ತಂತಿ. ಈವರೆಗೆ ಒಂದು ಬೆರಳು ಜಗ್ಗಲಿಲ್ಲ," ಎಂದು ಅತ್ತೆ ನಾನು ಬಂದ ಹೊಸದರಲ್ಲೇ ತೋರಿಸಿದ್ದರು. ಮನೆಯಲ್ಲಿ ಮಾವನ ನೆನಪಿಗೆ ಗೋಡೆಯ ಮೇಲೊಂದು ಫೋಟೋ ಇತ್ತು, ಆದರೆ ಅತ್ತೆ ದಿನಾ ನೋಡುತ್ತಿದ್ದದ್ದು ಈ ತಂತಿಯನ್ನು.

ಕರೆಂಟಿನ ವಿಷಯದಲ್ಲಿ ಅತ್ತೆಗೆ ತಮ್ಮದೇ ಕಾನೂನುಗಳಿದ್ದವು. ಮನೆಗೆ ಮೊದಲು ಕರೆಂಟು ಬಂದಾಗ ಅದನ್ನು ದೇವರಕೋಣೆಗೆ ಬಿಡಬಹುದೇ ಎಂಬ ಪ್ರಶ್ನೆ ಎದ್ದಿತ್ತಂತೆ. ಊರಿನ ಎಲ್ಲ ಕಂಬ ಮುಟ್ಟಿ, ಹೋಟೆಲು, ಮಂಡಿ, ಆಸ್ಪತ್ರೆ ಎಲ್ಲ ಸುತ್ತಿಕೊಂಡು ಬರುವ ವಸ್ತು ಅದು. ಕೊನೆಗೆ ಅತ್ತೆಯೇ ಯೋಚಿಸಿ, ಬೆಂಕಿಯ ಜಾತಿಗೆ ಸೇರಿದ್ದರಿಂದ ಅದಕ್ಕೆ ಮೈಲಿಗೆ ಇಲ್ಲ ಎಂದು ತೀರ್ಪು ಕೊಟ್ಟರು. ದೇವರಿಗೆ ಸಣ್ಣದೊಂದು ಬಲ್ಬು ಸಿಕ್ಕಿತು. ಆದರೆ ಹಗಲು ಬೆಳಕು ಕಂಡ ಕೂಡಲೇ ಮನೆಯ ದೀಪಗಳೆಲ್ಲ ಆರಬೇಕು, ಅದು ಎರಡನೆಯ ಕಾನೂನು. ಬಚ್ಚಲಿನ ದೀಪವನ್ನು ಅವರು ಸ್ನಾನಕ್ಕೆ ಹೋಗುವಾಗ ಹಾಕಿ, ನಾನು ಕತ್ತಲಲ್ಲೇ ಬಟ್ಟೆ ಒಗೆದು ತಂತಿಗೆ ಹಾಕಿ ಮುಗಿಸಿದ ಮೇಲೆ ಆರಿಸುತ್ತಿದ್ದರು. ಈ ಮಾತು ನೆನಪಿಡಿ, ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ.

ಬೇಸಿಗೆಯೆಲ್ಲ ಬಟ್ಟೆ ಅಂಗಳದ ಬಿಸಿಲಿಗೆ ಹೋಗುತ್ತಿತ್ತು. ಮಳೆ ಹಿಡಿದ ಮೇಲೆ ಸೂರಿನ ಕೆಳಗಿನ ತಂತಿಗೆ ಬಂತು. ನಾನು ಒದ್ದೆ ಕೈಯಲ್ಲಿ ಪಂಚೆ ಹರವಿ ತಂತಿಯ ಮೇಲೆ ಸರಿಮಾಡುತ್ತಿದ್ದಾಗ ಬೆರಳಿಗೆ ಏನೋ ಚುಳ್ ಎಂದಿತು. ಇರುವೆ ಇರಬೇಕು ಅಂದುಕೊಂಡೆ. ಮರುದಿನವೂ ಇರುವೆ. ಮಳೆ ಜೋರಾದ ಹಾಗೆ ಇರುವೆ ಚೇಳಾಯಿತು. ಮೊಣಕೈವರೆಗೆ ಜುಂ ಎಂದು ಹತ್ತಿದ ದಿನ, ಕೈಯಲ್ಲಿದ್ದ ಟವೆಲನ್ನು ಬಿಸಾಡಿ ಅಡುಗೆಮನೆ ಬಾಗಿಲಿಗೆ ಬಂದು ಹೇಳಿದೆ:

"ಅತ್ತೆ, ತಂತಿಯಲ್ಲಿ ಕರೆಂಟು ಬರ್ತಾ ಉಂಟು."

ಅತ್ತೆ ಒಲೆಯ ಮುಂದಿನಿಂದ ತಿರುಗಿ ನೋಡಿದರು. "ಎಂತ ಕರೆಂಟು? ನಾನು ಈಗಷ್ಟೇ ಸೀರೆ ಹಾಕಿ ಬಂದೆ. ನಂಗೆ ಎಂತದೂ ಆಗ್ಲಿಲ್ಲ."

"ನನಗೆ ಆಯ್ತು."

"ಬಟ್ಟೆ ಒಗೂದಕ್ಕೆ ಬೇಜಾರಾದ್ರೆ ಹಾಗೇ ಹೇಳು ಕೂಸೆ. ಕರೆಂಟಿನ ಮೇಲೆ ಎಂತಕ್ಕೆ ಹಾಕ್ತೀ?"

ನನಗೆ ಮೂಗಿನ ತುದಿಯಲ್ಲೇ ಕೋಪ. ಅಪ್ಪನ ಮನೆಯಲ್ಲಾಗಿದ್ದರೆ ಬಕೆಟ್ಟು ಒಂದು ಕಡೆ, ನಾನು ಒಂದು ಕಡೆ ಆಗುತ್ತಿದ್ದೆವು. ಇಲ್ಲಿ ಹಲ್ಲು ಕಚ್ಚಿಕೊಂಡೆ. ನಾನು ಬರುವ ಮೊದಲು ಬಟ್ಟೆ ಒಗೆಯಲು ಒಬ್ಬಳು ಹೆಂಗಸು ಬರುತ್ತಿದ್ದಳು. ಸೊಸೆ ಬಂದ ಮೇಲೆ ಅವಳನ್ನು ಬಿಡಿಸಿದ್ದರು. ಅವಳಿಗೆ ಒಂದು ದಿನವೂ ಹೀಗೆ ಆಗಿರಲಿಲ್ಲವಂತೆ. ಅವಳು ಬರುತ್ತಿದ್ದದ್ದು ಬಿಸಿಲೇರಿದ ಮೇಲೆ ಎಂಬುದು ಆಗ ನನಗೆ ಹೊಳೆಯಲಿಲ್ಲ.

ನನ್ನ ಗಂಡ ಅಡಿಕೆ ಮಂಡಿಯಲ್ಲಿ ಗುಮಾಸ್ತರು. ಯಾವ ವಿಷಯವನ್ನೂ ತಮಾಷೆ ಮಾಡದೆ ಬಿಡುವ ಜನವಲ್ಲ. ಎದ್ದು ಬಂದು, ಹಲ್ಲುಜ್ಜುತ್ತಲೇ ತಂತಿ ಹಿಡಿದು ಜಗ್ಗಿದರು. ಅಷ್ಟು ಹೊತ್ತಿಗೆ ಬೆಳಕಾಗಿತ್ತು. ಏನೂ ಆಗಲಿಲ್ಲ. "ಎನ್.ಆರ್. ಪುರದವರಿಗೆ ಕೊಪ್ಪದ ಕರೆಂಟು ಒಗ್ಗಲಿಕ್ಕೆ ಸ್ವಲ್ಪ ದಿನ ಬೇಕು," ಎಂದು ನಕ್ಕು ಬಾಯಿ ಮುಕ್ಕಳಿಸಿದರು.

ನಗುವ ವಿಷಯ ಅದಾಗಿರಲಿಲ್ಲ. ಜೀವದ ಭಯ ಒಂದು ಕಡೆ ಇತ್ತು ನಿಜ. ಅದಕ್ಕಿಂತ ಹೆಚ್ಚಾಗಿ ಕುದಿಯುತ್ತಿದ್ದದ್ದು ಬೇರೆ. ಹೊಸ ಮನೆಯಲ್ಲಿ ಸೊಸೆ ಗಟ್ಟಿಯಾಗಿ ಹೇಳಿದ ಮೊದಲ ಮಾತೇ ಸುಳ್ಳು ಅಂತಾಗಿಬಿಟ್ಟರೆ, ಆಮೇಲೆ ಹೊಟ್ಟೆನೋವು ಅಂದರೂ ನೆಪ, ಹಾಲು ಒಡೆದಿದೆ ಅಂದರೂ ನೆಪ. ಇಡೀ ಆಯುಷ್ಯ ಅಲ್ಲೇ ಕಳೆಯಬೇಕಾದವಳು ನಾನು. ನನ್ನ ಮಾತನ್ನು ಆ ಮನೆ ನಂಬಲೇಬೇಕಿತ್ತು.

ಪೇಟೆಯಲ್ಲಿ ರೇಡಿಯೋ ಮತ್ತು ಕರೆಂಟು ಸಾಮಾನಿನ ಅಂಗಡಿಯ ಒಬ್ಬ ಸಾಹೇಬರಿದ್ದರು. ವಯರಿಂಗು, ರಿಪೇರಿ ಎಲ್ಲದಕ್ಕೂ ನಮ್ಮ ಬೀದಿಗೆ ಅವರೇ. ನಾನು ಹಟ ಹಿಡಿದದ್ದಕ್ಕೆ ಗಂಡ ಅವರನ್ನು ಕಳಿಸಿದರು. ಸಾಹೇಬರು ಮಧ್ಯಾಹ್ನದ ಹೊತ್ತಿಗೆ ಹಿತ್ತಿಲ ಬಾಗಿಲಿನಿಂದ ಬಂದು, ಚಪ್ಪಲಿ ದೂರ ಬಿಟ್ಟು, "ಅಮ್ಮಾ, ಮಡಿ ಸೀರೆ ಇದ್ರೆ ಒಳಗೆ ತಗೊಳ್ಳಿ ಮಾರಾಯ್ರೆ, ಆಮೇಲೆ ನನ್ನ ಬೈಬೇಡಿ," ಎಂದರು. ಅತ್ತೆಗೆ ಅವರನ್ನು ಕಂಡರೆ ಪ್ರೀತಿ, ಈ ಮರ್ಯಾದೆಗೇ.

ಸಾಹೇಬರು ಜೇಬಿನಿಂದ ಪೆನ್ನಿನಂಥ ಟೆಸ್ಟರ್ ತೆಗೆದು ತಂತಿಗೆ ಮುಟ್ಟಿಸಿದರು. ಪೈಪಿಗೆ ಮುಟ್ಟಿಸಿದರು. ಕರೆಂಟು ಇದ್ದರೆ ಹತ್ತುವ ಅದರೊಳಗಿನ ದೀಪ ಹತ್ತಲಿಲ್ಲ. ಮಧ್ಯಾಹ್ನ ಯಾರು ಬಚ್ಚಲಿನ ಬಲ್ಬು ಹಾಕುತ್ತಾರೆ? ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. "ಕರೆಂಟೂ ಇಲ್ಲ, ಗಿರೆಂಟೂ ಇಲ್ಲ. ನಾನು ಮಾಡಿದ ವಯರಿಂಗಲ್ವಾ ಅಮ್ಮಾ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರ್ತದೆ," ಎಂದರು.

ಬಂದ ತಪ್ಪಿಗೆ ಮೀಟರಿನ ಹತ್ತಿರವೂ ಹೋಗಿ ಪಿಂಗಾಣಿಯ ಫ್ಯೂಸು ಕಿತ್ತು ನೋಡಿದರು. ಅಲ್ಲಿ ನನ್ನ ಗಂಡನ ಕೈಚಳಕ ಇತ್ತು. ಪದೇಪದೇ ಫ್ಯೂಸು ಹೋಗುತ್ತದೆಂದು ಅವರು ತೆಳ್ಳಗಿನ ಎಳೆಯ ಬದಲು ದಪ್ಪ ತಾಮ್ರದ ತಂತಿಯನ್ನೇ ಸುತ್ತಿಟ್ಟಿದ್ದರು. 'ನಮ್ಮನೆ ಫ್ಯೂಸು ಹೋಗೂದೇ ಇಲ್ಲ' ಎಂದು ಮಂಡಿಯಲ್ಲಿ ಜಂಬ ಬೇರೆ. ಸಾಹೇಬರು ತಲೆ ಚಚ್ಚಿಕೊಂಡರು. "ಇದು ಫ್ಯೂಸಾ ಮಾರಾಯ್ರೆ, ಎಮ್ಮೆ ಕಟ್ಟುವ ಹಗ್ಗವಾ? ಫ್ಯೂಸು ಅಂದ್ರೆ ಹೋಗ್ಬೇಕು. ಅದು ಹೋದ್ರೆ ಮನೆ ಉಳೀತದೆ." ಅದನ್ನು ಸರಿಮಾಡಿ, ಕಾಫಿ ಕುಡಿದು ಹೋದರು. ಗಂಡನ ಗುಟ್ಟು ಹೊರಬಿದ್ದ ಒಂದು ಸಂತೋಷ ಬಿಟ್ಟರೆ ಆ ದಿನ ನನಗೆ ಸಿಕ್ಕಿದ್ದು ಸೋಲು.

ಸುದ್ದಿ ಬೇಲಿ ಹಾರಿತು. ಪಕ್ಕದ ಮನೆಯವರು ನನ್ನನ್ನು ಕಂಡಾಗ, "ಇವತ್ತು ತಂತಿ ಸುಮ್ಮನಿದೆಯಾ?" ಎಂದು ಕೇಳತೊಡಗಿದರು. ಬಾವಿಕಟ್ಟೆಯಲ್ಲಿ ಒಬ್ಬಳೇ ಕೂತು ಚೆನ್ನಾಗಿ ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಮತ್ತೆ ಕೋಪ ಬಂತು, ಅದು ಒಳ್ಳೆಯದೇ ಆಯಿತು. ಅತ್ತಾಗ ನನ್ನ ತಲೆ ಓಡುವುದಿಲ್ಲ, ಕೋಪ ಬಂದಾಗ ಓಡುತ್ತದೆ.

ಒಂದು ಬೆಳಿಗ್ಗೆ ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋಗಿತ್ತು. ಚಿಮಣಿ ದೀಪದಲ್ಲಿ ಬಟ್ಟೆ ಒಗೆದು, ಹೆದರಿಕೊಂಡೇ ತಂತಿಗೆ ಹಾಕಿದೆ. ಏನೂ ಇಲ್ಲ. ಮುಂದಿನ ಭಾನುವಾರ ತಡವಾಗಿ ಒಗೆದೆ, ಬೆಳಕಾಗಿತ್ತು, ಆಗಲೂ ಏನೂ ಇಲ್ಲ. ಸೋಮವಾರ ಕತ್ತಲಲ್ಲಿ ಒಗೆದೆ, ಬೆರಳು ಮುಟ್ಟಿಸುವ ಮೊದಲೇ ಟವೆಲಿನ ತುದಿಯಿಂದ ಜುಂ ಎಂದಿತು. ತಲೆಯೆತ್ತಿ ನೋಡಿದರೆ ಬಚ್ಚಲಿನ ಬಲ್ಬು ಹಳದಿಯಾಗಿ ಉರಿಯುತ್ತಿತ್ತು.

ಎನ್.ಆರ್. ಪುರದ ಹೈಸ್ಕೂಲಿನಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಮೇಜಿನ ಮೇಲೆ ಒಂದು ಸೆಲ್, ಒಂದು ಟಾರ್ಚಿನ ಬಲ್ಬು, ಒಂದು ಸ್ವಿಚ್ಚು ಇಟ್ಟು ವಯರಿನಲ್ಲಿ ಜೋಡಿಸಿ ತೋರಿಸಿದ್ದರು. ಸ್ವಿಚ್ಚು ಹಾಕಿದರೆ ಕರೆಂಟು ಸೆಲ್ಲಿನಿಂದ ಹೊರಟು, ಬಲ್ಬಿನೊಳಗೆ ಹೊಕ್ಕು, ಮತ್ತೆ ಸೆಲ್ಲಿಗೇ ಬಂದು ಸೇರುತ್ತದೆ. ಸ್ವಿಚ್ಚು ತೆಗೆದರೆ ಸೇತುವೆ ಮುರಿದ ಹಾಗೆ, ಅಲ್ಲಿಂದಾಚೆಗೆ ಏನೂ ದಾಟುವುದಿಲ್ಲ. ಪರೀಕ್ಷೆಯಲ್ಲಿ ಅದರ ಚಿತ್ರ ಬರೆದು ಅಂಕ ತೆಗೆದು ಅಲ್ಲೇ ಮರೆತಿದ್ದೆ. ಒದ್ದೆ ಟವೆಲು ಹಿಡಿದು ನಿಂತಾಗ ನೆನಪಾಯಿತು. ನಮ್ಮ ಬಚ್ಚಲಿನ ಸ್ವಿಚ್ಚು ಅಡುಗೆಮನೆಯ ಗೋಡೆಯಲ್ಲಿತ್ತು. ಅದನ್ನು ಹಾಕಿದಾಗ ಮಾತ್ರ ಪೈಪಿನೊಳಗಿನ ವಯರಿಗೆ ಕರೆಂಟು ಬರುತ್ತದೆ. ಪೈಪಿನೊಳಗೆ ಎಲ್ಲೋ ವಯರಿನ ಸಿಪ್ಪೆ ಹರಿದಿದೆ. ಹರಿದಲ್ಲಿಂದ ಪೈಪಿಗೆ, ಪೈಪಿನಿಂದ ತಂತಿಗೆ, ತಂತಿಯಿಂದ ನನಗೆ, ನನ್ನ ಒದ್ದೆ ಕಾಲಿನಿಂದ ನೆಲಕ್ಕೆ. ಬಲ್ಬಿನ ಹಾಗೆ ನಾನೂ ದಾರಿಯಲ್ಲಿ ಸಿಕ್ಕಿದ ಒಂದು ಸಾಮಾನು.

ಅತ್ತೆಗೆ ಯಾಕೆ ಹೊಡೆಯುವುದಿಲ್ಲ ಎಂಬುದೊಂದು ಮಾತ್ರ ಗೊತ್ತಾಗಲಿಲ್ಲ. ಅದೇ ದಿನ ಪೇಟೆಗೆ ಹೋಗಿ, ಯಾಕೆಂದು ಹೇಳದೆ, ಸಾಹೇಬರಿಂದ ಟೆಸ್ಟರ್ ಕೇಳಿ ತಂದೆ.

ಮರುದಿನ ಬೆಳಗಿನ ಜಾವ ಅತ್ತೆ ಸ್ನಾನ ಮುಗಿಸಿ, ಮಡಿಯುಟ್ಟು, ಸೀರೆ ಹರವಿ, ಕೋಲು ಹಿಡಿದು ನಿಂತಿದ್ದರು. ಮಳೆ ಸೂರಿನಿಂದ ಸುರಿಯುತ್ತಿತ್ತು, ಕಾಲಡಿಯ ಕಲ್ಲು ಒದ್ದೆ. ನಾನು ಮರದ ಮಣೆ ಹಾಕಿಕೊಂಡು ಅದರ ಮೇಲೆ ನಿಂತು, "ಅತ್ತೆ, ಸ್ವಲ್ಪ ಇಲ್ಲಿ ನೋಡಿ," ಎಂದು ಟೆಸ್ಟರಿನ ತುದಿಯನ್ನು ಪೈಪಿಗೆ ಮುಟ್ಟಿಸಿದೆ. ಒಳಗೆ ಕೆಂಪಗೆ ಹತ್ತಿತು. ನನ್ನ ಕಣ್ಣಲ್ಲಿ ನೀರೇ ಬಂತು. ಗೆದ್ದೆ ಅಂದುಕೊಂಡೆ.

"ಅದು ಆ ಪೆನ್ನಿನ ಒಳಗಿನ ದೀಪ," ಎಂದರು ಅತ್ತೆ. "ಸೆಲ್ ಹಾಕಿದ್ರೆ ಟಾರ್ಚೂ ಉರೀತದೆ."

"ಇದರಲ್ಲಿ ಸೆಲ್ ಇಲ್ಲ ಅತ್ತೆ. ಪೈಪಿನಲ್ಲಿ ಕರೆಂಟು ಉಂಟು, ಅದಕ್ಕೆ ಉರೀತದೆ. ಈ ತಂತಿ ಕಟ್ಟಿದ ಜಾಗವೇ ಸರಿ ಇಲ್ಲ."

ಆ ಕೊನೆಯ ಮಾತು ಹೇಳಬಾರದಿತ್ತು. ಅತ್ತೆಯ ಮುಖ ಬಿಗಿಯಿತು. "ಜಾಗ ಸರಿ ಇಲ್ವಾ? ಕಟ್ಟಿದವರಿಗೆ ಬುದ್ಧಿ ಇರ್ಲಿಲ್ವಾ ಹಾಗಾದ್ರೆ? ಇಷ್ಟು ವರ್ಷ ಇದೇ ಜಾಗದಲ್ಲಿ ನಾನು ಬಟ್ಟೆ ಹಾಕ್ತಾ ಇದ್ದೆ. ತಡಿ, ಮುಟ್ಟಿ ತೋರಿಸ್ತೆ."

ಕೋಲನ್ನು ಎಡಗೈಗೆ ಬದಲಿಸಿ ಬಲಗೈಯನ್ನು ಪೈಪಿನ ಕಡೆ ಚಾಚಿದರು. ಬರಿಗಾಲು, ಒದ್ದೆ ಕಲ್ಲು, ಇನ್ನೂ ನೀರು ತೊಟ್ಟಿಕ್ಕುವ ಕೈ. ನನಗೆ ಆಗ ಮಡಿಯೂ ಕಾಣಲಿಲ್ಲ, ಅತ್ತೆಯೂ ಕಾಣಲಿಲ್ಲ, ಆ ಕೈ ಒಂದೇ ಕಂಡಿತು. ಮಣೆಯಿಂದ ಹಾರಿ ಅವರ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆಳೆದೆ. ಇಬ್ಬರೂ ಗೋಡೆಗೆ ಬಡಿದುಕೊಂಡೆವು. ಕೋಲು ಕಲ್ಲಿನ ಮೇಲೆ ಬಿದ್ದು ಉರುಳಿತು.

ಅತ್ತೆ ತಮ್ಮ ತೋಳಿನ ಮೇಲಿದ್ದ ನನ್ನ ಕೈಗಳನ್ನೇ ನೋಡುತ್ತಿದ್ದರು. ಬಿಟ್ಟೆ. ಇನ್ನು ನನ್ನ ಕತೆ ಮುಗಿಯಿತು, ಮೊದಲ ಬಸ್ಸಿಗೇ ಎನ್.ಆರ್. ಪುರ ಎಂದುಕೊಂಡೆ. ಅತ್ತೆ ಪೈಪಿನಿಂದ ಎರಡು ಹೆಜ್ಜೆ ಹಿಂದೆ ಸರಿದರು.

"ದೀಪ ಆರ್ಸು," ಎಂದರು. ಆಮೇಲೆ, "ಹಂಡೆಯಲ್ಲಿ ನೀರು ಉಂಟಾ?"

ಬಚ್ಚಲಿಗೆ ಚಿಮಣಿ ಇಟ್ಟುಕೊಟ್ಟೆ. ಅದರ ಬೆಳಕಲ್ಲಿ ಎರಡನೆಯ ಸಲ ಸ್ನಾನ ಮಾಡಿ, ಬೇರೊಂದು ಮಡಿ ಸೀರೆಯುಟ್ಟು ಒಳಗೆ ಹೋದರು. ಒಂದು ಮಾತೂ ಬೈಯಲಿಲ್ಲ. ಅದಕ್ಕೇ ನನಗೆ ಇನ್ನೂ ಹೆದರಿಕೆಯಾಯಿತು.

ಗಂಡ ತಿಂಡಿಗೆ ಕೂತಾಗ ಅತ್ತೆ ದೋಸೆ ಹಾಕುತ್ತಲೇ ಹೇಳಿದರು: "ಮಾಣಿ, ಸಾಹೇಬ್ರಿಗೆ ಹೇಳು, ನಾಳೆ ಕತ್ತಲೆ ಇರುವಾಗ್ಲೇ ಬರ್ಲಿ. ತಂತಿಯಲ್ಲಿ ಕರೆಂಟು ಉಂಟು."

"ಅಮ್ಮ, ನೀನೂ ಇವಳ ಪಾರ್ಟಿ ಸೇರಿದ್ಯಾ?"

"ನಗಾಡ್ಬೇಡ. ಮಡಿಯಲ್ಲಿರುವಾಗ ನನ್ನನ್ನು ಈ ಮನೆಯಲ್ಲಿ ಯಾರೂ ಮುಟ್ಟಿದ್ದಿಲ್ಲ. ನೀನು ಸಣ್ಣವನಿರುವಾಗ ಅಳ್ತಾ ಬಂದ್ರೂ ದೂರ ನಿಲ್ಲಿಸಿದವಳು ನಾನು. ಈ ಕೂಸು ಮುಟ್ಟಿತು. ಮುಟ್ಟಿದ್ರೆ ಎಂತ ಆಗ್ತದೆ ಅಂತ ಗೊತ್ತಿದ್ದೂ ಮುಟ್ಟಿತು. ಸುಳ್ಳಿಗಾಗಿ ಅಷ್ಟು ಧೈರ್ಯ ಯಾರಿಗೂ ಬರೂದಿಲ್ಲ."

ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ನನಗೆ ಹೊಟ್ಟೆ ತುಂಬಿಹೋಯಿತು. ಟೆಸ್ಟರ್ ಮಾಡದ ಕೆಲಸವನ್ನು ನನ್ನ ತಪ್ಪು ಮಾಡಿತ್ತು. ಆ ದಿನ ದೋಸೆ ಎಷ್ಟು ತಿಂದೆನೋ ನೆನಪಿಲ್ಲ, ಅತ್ತೆ ಹಾಕುತ್ತಲೇ ಇದ್ದರು.

ಮರುದಿನ ಕತ್ತಲಲ್ಲಿ ಸಾಹೇಬರು ಕೊಡೆ, ಟಾರ್ಚು ಹಿಡಿದು ಬಂದರು. ಬಲ್ಬು ಹಾಕಿ ಟೆಸ್ಟರ್ ಮುಟ್ಟಿಸಿದರು. ಕೆಂಪಗೆ ಹತ್ತಿತು. ಸ್ವಿಚ್ಚು ತೆಗೆಸಿದರು, ಆರಿತು. ಹಾಕಿಸಿದರು, ಹತ್ತಿತು. ತಮ್ಮಷ್ಟಕ್ಕೆ ತಾವೇ ನಕ್ಕರು. "ನಾನು ಮಧ್ಯಾಹ್ನ ಬಂದು ನಕ್ಷತ್ರ ಹುಡುಕಿದ ಹಾಗಾಯ್ತಲ್ಲ ತಂಗಿ." ಮೇನ್ ಸ್ವಿಚ್ಚು ಆರಿಸಿ, ಬೆಳಕು ಬಂದ ಮೇಲೆ ಪೈಪಿನಿಂದ ವಯರು ಎಳೆದು ತೋರಿಸಿದರು. ಪೈಪಿನ ಬಾಯಿಯ ಚೂಪು ಅಂಚು ತಾಗಿ ತಾಗಿ ರಬ್ಬರು ಸವೆದು ಒಳಗಿನ ತಾಮ್ರ ಕಾಣುತ್ತಿತ್ತು.

"ಹಾಗಾದ್ರೆ ನಂಗೆ ಯಾಕೆ ಹೊಡೀಲಿಲ್ಲ?" ಎಂದು ಅತ್ತೆ ದೂರದಿಂದ ಕೇಳಿದರು.

ಸಾಹೇಬರು ಸುತ್ತ ನೋಡಿದರು. ಒಲೆಯ ಗೋಡೆಗೆ ಒರಗಿದ್ದ ಕೋಲು ಕಂಡಿತು. "ನೀವು ಬಟ್ಟೆ ಹಾಕೂದು ಇದರಲ್ಲಾ? ಹಾಗೆ ಹೇಳಿ ಮತ್ತೆ. ಒಣಗಿದ ಬಿದಿರು ಅಮ್ಮಾ. ಅದರೊಳಗೆ ಕರೆಂಟು ಹರಿಯೂದಿಲ್ಲ. ನಾವು ಕಂಬದ ಹತ್ರ ಹೋಗುವಾಗ ಇಂಥದ್ದೇ ಹುಡುಕ್ತೇವೆ."

ಅತ್ತೆಯ ಮುಖ ಅರಳಿದ್ದನ್ನು ನೋಡಬೇಕಿತ್ತು. "ಮಡಿ ಕಾಪಾಡ್ತದೆ ಅಂತ ನಾನು ಮೊದ್ಲಿಂದ ಹೇಳ್ತಾ ಇರ್ಲಿಲ್ವಾ?" ಎಂದು ನನ್ನ ಕಡೆ, ಗಂಡನ ಕಡೆ, ಸಾಹೇಬರ ಕಡೆ ಸರದಿಯಲ್ಲಿ ನೋಡಿದರು. ಕಾಪಾಡಿದ್ದು ಮಡಿಯಲ್ಲ, ಬಿದಿರು ಎಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಮಳೆಗಾಲದುದ್ದಕ್ಕೂ ನುಂಗಿದ್ದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ಸಾಹೇಬರು ಹೊಸ ವಯರು ಎಳೆದರು, ಪೈಪಿನ ಬಾಯಿಗೆ ತೂತಿನ ಮರದ ಬಿರಡೆ ಕೂರಿಸಿದರು. ಪೈಪಿನಲ್ಲಿ ಮುಂದೆಂದಾದರೂ ಕರೆಂಟು ಸೋರಿದರೆ ನಮ್ಮ ಮೈ ಹುಡುಕಿಕೊಂಡು ಬರುವ ಬದಲು ನೇರ ಮಣ್ಣಿಗೆ ಇಳಿಯಬೇಕು ಎಂದು ಹಿತ್ತಿಲಲ್ಲಿ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿ, ಅದರಲ್ಲಿ ಕಬ್ಬಿಣದ ಕೊಳವೆ ಹುಗಿದು, ಅದರಿಂದ ಪೈಪಿಗೆ ತಂತಿ ಎಳೆದು ಅರ್ತಿಂಗ್ ಕೊಟ್ಟರು. ಗುಂಡಿ ತೋಡಿದ್ದು ನನ್ನ ಗಂಡ. ದಪ್ಪ ತಂತಿಯ ಫ್ಯೂಸಿಗೆ ಅದೇ ಶಿಕ್ಷೆ ಎಂದು ಸಾಹೇಬರೇ ತೀರ್ಮಾನಿಸಿದ್ದರು. ಗುಂಡಿ ಒಣಗದ ಹಾಗೆ ಬೇಸಿಗೆಯಲ್ಲಿ ನೀರು ಹಾಕಬೇಕು ಎಂದಾಗ ಅತ್ತೆ, "ತುಳಸಿಗೆ ಹಾಕುವಾಗ ಅದಕ್ಕೂ ಒಂದು ಚೊಂಬು ಹಾಕ್ತೆ," ಎಂದರು, ಹಾಗೇ ಮಾಡಿದರು ಕೂಡ. ಬಟ್ಟೆಯ ತಂತಿಗಳನ್ನು ಪೈಪಿನಿಂದ ಬಿಡಿಸಿ ಈಚೆ ತುದಿಗೂ ಒಂದು ಮರದ ಕಂಬ ನಿಲ್ಲಿಸಿ ಕಟ್ಟಿದರು. ತಂತಿ ಮಾತ್ರ ಮಾವನದ್ದೇ ಇರಲಿ ಎಂದು ಹೇಳಿದವಳು ನಾನು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು.

ಎಲ್ಲ ಮುಗಿದ ಮೇಲೆ ಮೇನ್ ಹಾಕಿ, ಬಚ್ಚಲಿನ ಬಲ್ಬು ಉರಿಸಿ ಸಾಹೇಬರು ಕೈ ಒರೆಸಿಕೊಂಡರು. "ಇನ್ನು ಎಲ್ಲಿ ಬೇಕಾದ್ರೂ ಮುಟ್ಟಿ ಅಮ್ಮಾ. ಎಂತದೂ ಇಲ್ಲ."

"ನೀವು ಆವತ್ತೂ ಹಾಗೇ ಹೇಳಿದ್ರಿ ಸಾಹೇಬ್ರೆ," ಎಂದರು ಅತ್ತೆ. "ಅವಳು ನೋಡಿ ಹೇಳ್ಲಿ."

ನಾನು ಟೆಸ್ಟರ್ ತೆಗೆದುಕೊಂಡು ಪೈಪಿಗೆ ಮುಟ್ಟಿಸಿದೆ, ಮೇಲಿನ ತಂತಿಗೆ, ಕೆಳಗಿನ ತಂತಿಗೆ ಮುಟ್ಟಿಸಿದೆ. ಸಮಾಧಾನವಾಗದೆ ಇನ್ನೊಂದು ಸಲ ನೋಡಿದೆ. ಮೂವರೂ ನನ್ನ ಬಾಯಿಯನ್ನೇ ಕಾಯುತ್ತಿದ್ದರು.

"ಇಲ್ಲ ಅತ್ತೆ. ಈಗ ಇಲ್ಲ."

ಅತ್ತೆ ಮಡಿಯಲ್ಲಿದ್ದರು. ಪೂಜೆಯೂ ಆಗಿರಲಿಲ್ಲ. ಮುಂದೆ ಬಂದು, ನನ್ನ ಟವೆಲು, ಗಂಡನ ಅಂಗಿ ಒಣಗುವ ಆ ಕೆಳಗಿನ ತಂತಿಯನ್ನು ಬರಿಗೈಯಲ್ಲಿ ಹಿಡಿದರು. ಹಿಡಿದು, ಜಗ್ಗಿ, ಬಿಗಿ ನೋಡಿ, ನಿಧಾನಕ್ಕೆ ಬಿಟ್ಟರು.

"ಸರಿ ಉಂಟು," ಎಂದರು. "ಇನ್ನೊಂದು ಸ್ನಾನ ಆಯ್ತು ಇವತ್ತು."

ನಾನು ಒಲೆಗೆ ಕಟ್ಟಿಗೆ ಇಟ್ಟು ಹಂಡೆಗೆ ನೀರು ತುಂಬಿಸಲು ಹೋದೆ.